ಮುಡಿಪಿನ ರೂಪಾಯಿ

ಶ್ರೀನಿವಾಸಪುರದ ಕೋದಂಡರಾಮಪ್ಪ ಮೇಷ್ಟ್ರಿಗೆ ಗೋವೆಯ ಬೆಳ್ಳಿ ನಾಣ್ಯಗಳ ಹುಚ್ಚು. ಪರಂಗಿ ರಾಜರ ತಲೆಯಿದ್ದ ರೂಪಾಯಿ, ಅರ್ಧ ರೂಪಾಯಿ ಸೇರಿ ಮೂವತ್ತೊಂದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ದಿನಾ ಒರೆಸುತ್ತಿದ್ದರು. ಹೆಂಡತಿ ವೆಂಕಟರತ್ನಮ್ಮ ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಕೆಲವರು ಇಸ್ಪೀಟು ಆಡುತ್ತಾರೆ, ಈ ಮಹಾರಾಯರು ನಾಣ್ಯ ಒರೆಸುತ್ತಾರೆ, ಅಷ್ಟೇ.

1944ರ ಒಂದು ಶನಿವಾರ ಡಬ್ಬಿಗೆ ಮೂವತ್ತೆರಡನೆಯದು ಬಂತು. ಗೋವೆಯದೇ 1912ರ ರೂಪಾಯಿ, ಮೇಲೆ ರಾಜನ ಬದಲು ಹೆಂಗಸಿನ ಮುಖ.

"ಒಂಬತ್ತು ವರ್ಷದಿಂದ ಹುಡುಕ್ತಿದ್ದೆ ಕಣೇ, ನೋಡು!" ಎಂದು ಮೇಷ್ಟ್ರು ಅಂಗೈ ಚಾಚಿದರು.

ಆ ಮುಖದ ಗೀರುಗಳಲ್ಲೆಲ್ಲ ಅರಿಶಿನ ಕೂತಿತ್ತು. ರತ್ನಮ್ಮನಿಗೆ ತಕ್ಷಣ ಗುರುತು ಸಿಕ್ಕಿತು. ಹೋದ ವರ್ಷ ಮಗಳು ಕದಿರಮ್ಮ ಜ್ವರದಲ್ಲಿ ಮೂರು ದಿನ ಕಣ್ಣು ಬಿಡದೆ ಮಲಗಿದ್ದಾಗ, ತವರಿನ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ ಬೆಳ್ಳಿ ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ತಿರುಪತಿ ತಿಮ್ಮಪ್ಪನಿಗೆ ಮುಡಿಪು ಎಂದು ದೇವರ ಗೂಡಿನಲ್ಲಿಟ್ಟವಳು ಅವಳೇ. ಕಟ್ಟಿದ ಮುಡಿಪನ್ನು ಹುಂಡಿ ಮುಟ್ಟುವವರೆಗೆ ಬಿಚ್ಚಬಾರದೆಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು. ಓದಿದ ಮೇಷ್ಟ್ರಿಗೆ ಮಾತ್ರ ಗೊತ್ತಿಲ್ಲ!

"ಮುಡಿಪು ಬಿಚ್ಚಿದ್ರಾ?"

"ಬಟ್ಟೆ ಸವೆದು ಅಂಚು ಕಾಣಿಸ್ತು. ಇದರ ಬದಲು ಹಳೇ ಇಂಗ್ಲಿಷ್ ರಾಣಿ ರೂಪಾಯಿ ಹಾಕಿ ಕಟ್ಟಿದೀನಿ. ತೂಕ ಒಂದೇ, ಬೆಳ್ಳಿ ಒಂದೇ. ದೇವರಿಗೆ ಯಾವುದಾದ್ರೇನು?"

"ಯಾವುದಾದ್ರೂ ಒಂದೇ ಆದ್ರೆ ನಿಮಗ್ಯಾಕೆ ಇದೇ ಬೇಕಾಯ್ತು?"

ಅವಳ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತ್ತು. ಮಗಳ ಜೀವಕ್ಕೆ ಕಟ್ಟಿದ್ದನ್ನು ಕಳ್ಳನ ಹಾಗೆ ಬಿಚ್ಚಿ, ತೂಕದ ಲೆಕ್ಕ ಹೇಳುವ ಈ ಮನುಷ್ಯನ ಜೊತೆ ಹನ್ನೊಂದು ವರ್ಷ ಬಾಳಿದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಆಯ್ತು ಕಣೇ, ಈಗ್ಲೇ ವಾಪಸ್ ಕಟ್ತೀನಿ."

"ಬಿಚ್ಚಿದ ಮೇಲೆ ಅಸಲಷ್ಟೇ ಕೊಟ್ರೆ ಆಯ್ತಾ? ತಿಮ್ಮಪ್ಪ ವಡ್ಡಿಕಾಸುಲವಾಡು ಕಣ್ರೀ. ಬಡ್ಡಿ ಬಿಡೋನಲ್ಲ!"

ಡಬ್ಬಿ ಕಿತ್ತುಕೊಂಡು, ಮೂವತ್ತೆರಡನ್ನೂ ಹೊಸ ಅರಿಶಿನದ ಬಟ್ಟೆಗೆ ಸುರಿದು, ಮೂರು ಗಂಟು ಬಿಗಿದಳು. ಗಂಟಿನತ್ತ ಚಾಚಿದ ಮೇಷ್ಟ್ರ ಕೈ, ಬಾಗಿಲಲ್ಲಿ ನಿಂತ ಮಗಳನ್ನು ಕಂಡು ಹಿಂದೆ ಸರಿಯಿತು.

ಶುಕ್ರವಾರ ಮೂವರೂ ಮುಳಬಾಗಿಲಿನ ದಾರಿಯಾಗಿ ತಿರುಪತಿಗೆ ಹೋದರು. ದಾರಿಯುದ್ದಕ್ಕೂ ಮೇಷ್ಟ್ರು ಗೋಗರೆದರು. "ಉಳಿದಿದ್ದೆಲ್ಲ ಹೋಗ್ಲಿ, ಆ ಹೆಂಗಸಿನ ಮುಖದ್ದೊಂದು ಬಿಟ್ಟುಕೊಡೇ." ಅವಳು ಬಸ್ಸಿನ ಕಿಟಕಿಯ ಕಡೆ ತಿರುಗಿ ಕೂತಳು.

ಹುಂಡಿಯ ಮುಂದೆ ಗಂಟನ್ನು ಅವರ ಕೈಗೇ ಕೊಟ್ಟಳು. "ಬಿಚ್ಚಿದ ಕೈಯೇ ಹಾಕ್ಲಿ." ಹಿಂದಿನವರು ನೂಕುತ್ತಿದ್ದರು, "ಗೋವಿಂದಾ" ಎಂದು ಕೂಗುತ್ತಿದ್ದರು. ಮೇಷ್ಟ್ರ ಬೆರಳು ಸಡಿಲವಾಗಲಿಲ್ಲ. ರತ್ನಮ್ಮ ಅವರ ಮಣಿಕಟ್ಟು ಹಿಡಿದು ಜಾಡಿಸಿದಳು. ಗಂಟು ಒಳಗೆ ಬಿತ್ತು.

ಹೊರಗೆ ಬಂದಾಗ ಮೇಷ್ಟ್ರು ಗಳಗಳನೆ ಅಳುತ್ತಿದ್ದರು. ಹರಕೆ ತೀರಿದರೆ ಸಿಟ್ಟೂ ತೀರುತ್ತದೆಂದು ರತ್ನಮ್ಮ ತಿಳಿದಿದ್ದಳು; ತೀರಲಿಲ್ಲ. ಮಗಳು ಕಣ್ಣು ಬಿಡದ ಆ ಮೂರು ದಿನವೂ ಅವರ ಈ ಕಣ್ಣಲ್ಲಿ ಒಂದು ಹನಿ ನೀರು ಕಂಡಿರಲಿಲ್ಲ.