ಗೇಣುದ್ದದ ಹಿಡಿ

"ಬಗ್ಗೇ, ಲೇ ಒಂಟೆ! ಸೊಂಟಕ್ಕೇನು ಕಬ್ಬಿಣದ ಸರಳು ಹಾಕಿಸ್ಕೊಂಡಿದೀಯಾ? ಎಲ್ಲಾರೂ ಬಗ್ಗಿರೋವಾಗ ನೀನೊಬ್ಳು ಕಂಬದ ಹಾಗೆ ನಿಂತ್ರೆ ಮೇಲಿನೋರಿಗೆ ನಾನೇನು ಉತ್ರ ಕೊಡ್ಲಿ?"

ಮೇಸ್ತ್ರಿಯ ಕೂಗು ಕಡಾಯಿಗಳ ಸದ್ದನ್ನೂ ಮೀರಿ ಆ ಕಡೆಯ ಗೋಡೆಗೆ ಬಡಿಯಿತು. ಉದ್ದಕ್ಕ ಸೊಂಟದ ಮೇಲಿಟ್ಟುಕೊಂಡಿದ್ದ ಕೈ ತೆಗೆದು ಮತ್ತೆ ಬಗ್ಗಿದಳು. ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಈ ಸಾಬೂನಿನ ಕಾರ್ಖಾನೆಗೆ ಕಾಲಿಟ್ಟ ದಿನವೇ ಹೆಂಗಸರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಯ್ಯೋ ನಮ್ಮವ್ವ, ನೀನು ನೆಲ ಮುಟ್ಟೋದು ಯಾವಾಗ?" ಎಂದು ನಕ್ಕು ಉದ್ದಕ್ಕ ಎಂದು ಕರೆದಿದ್ದರು. ಅದೇ ನಿಂತಿತು. ಮೇಸ್ತ್ರಿ ಒಬ್ಬ ಮಾತ್ರ ಒಂಟೆ ಅನ್ನುತ್ತಿದ್ದ.

ಕೆಲಸ ಇಷ್ಟೇ. ಕೊಬ್ಬು, ಎಣ್ಣೆ, ಕಾಸ್ಟಿಕ್ ಸೋಡಾದ ಖಾರದ ನೀರು ಬೆರೆತು ಕಡಾಯಿಗಳಲ್ಲಿ ಕುದಿಯುವಾಗ ಸಾಬೂನು ಉಕ್ಕಿ ನೆಲಕ್ಕೆ ಚೆಲ್ಲುತ್ತದೆ. ಬಿಸಿ ಇರುವಾಗ ಅದು ಗಂಜಿ, ಆರುತ್ತ ಮೇಣ, ಪೂರ್ತಿ ಆರಿದರೆ ಕಲ್ಲು. ಮೇಣದ ಹದದಲ್ಲಿರುವಾಗಲೇ ಕೆರೆದು ಬಾಚಿ ಡಬ್ಬಕ್ಕೆ ತುಂಬಬೇಕು. ಕಲ್ಲಾಗಲು ಬಿಟ್ಟರೆ ಸಾಗಾಣಿಕೆಯ ಗಾಡಿಗಳ ಚಕ್ರ ಒಂದಂಗುಲ ಕದಲುವುದಿಲ್ಲ. ಕೆರೆಯಲು ಕೊಟ್ಟಿದ್ದು ಅಂಗೈ ಅಗಲದ ಉಕ್ಕಿನ ಪಟ್ಟಿ, ಅದಕ್ಕೊಂದು ಗೇಣುದ್ದದ ಮರದ ಹಿಡಿ. ಹಿಡಿ ಗೇಣುದ್ದ ಇದ್ದ ಮೇಲೆ ಕೆರೆಯುವವಳ ಮೂಗು ನೆಲಕ್ಕೆ ಎರಡು ಗೇಣು ದೂರದಲ್ಲಿರಲೇಬೇಕು. ಖಾರದ ಹಬೆ ನೇರ ಕಣ್ಣಿಗೆ. ಬೆರಳ ಸಂದಿಗಳು ಸೀಳಿ ಕೆಂಪಗೆ ಬಾಯಿ ಬಿಟ್ಟಿರುತ್ತಿದ್ದವು.

ಕುಳ್ಳಗಿರುವವರು ಹೇಗೋ ಕುಕ್ಕರಗಾಲಲ್ಲಿ ಸರಿಯುತ್ತ ಹೋಗುತ್ತಿದ್ದರು. ಉದ್ದಕ್ಕನಿಗೆ ಅದೂ ಆಗದು. ಸಂಜೆ ಮನೆಗೆ ಹೋಗುವಾಗ ಅವಳು ನಡೆಯುವುದನ್ನು ಕಂಡರೆ ಯಾರೋ ಅವಳನ್ನು ನಡುವಿಗೆ ಮಡಚಿ, ಬಿಚ್ಚುವುದನ್ನು ಮರೆತಂತೆ ಕಾಣುತ್ತಿತ್ತು.

ಮನೆಯಲ್ಲಿ ಅತ್ತೆ. ಅವಳೂ ಅದೇ ನೆಲವನ್ನು ಕೆರೆದವಳು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಬೆನ್ನು ಮಾತ್ರ ಎದ್ದು ಬಂದಿರಲಿಲ್ಲ. ಮಲಗಿದರೂ ಕೊಕ್ಕೆ, ಕೂತರೂ ಕೊಕ್ಕೆ. ಮನೆಗೆ ಬಂದವರನ್ನು ಕಾಲು ನೋಡಿ ಗುರುತು ಹಿಡಿಯುತ್ತಿದ್ದಳು. ಬಾಯಿ ಮಾತ್ರ ಒಂದಿಷ್ಟೂ ಬಗ್ಗಿರಲಿಲ್ಲ.

"ಏನೇ, ಇವತ್ತೂ ಉಗಿಸ್ಕೊಂಡು ಬಂದ್ಯಾ?"

"ನಿಮಗೆ ಹೆಂಗೆ ಗೊತ್ತಾಯ್ತು ಅತ್ತೆ?"

"ಕಾಲು ಎಳೀತಿದೀಯಲ್ಲ. ಆ ಬೇವರ್ಸಿ ಮೇಸ್ತ್ರಿ ತಾನೇ? ಅವನ ಅವ್ವ ನನ್ನ ಪಕ್ಕದಲ್ಲೇ ಕೆರೀತಿದ್ಲು ಕಣೇ. ಇವ್ನು ಹಾಲು ಕುಡಿಯೋ ಕೂಸು, ಬೆನ್ನಿಗೆ ಕಟ್ಕೊಂಡು ಬರ್ತಿದ್ಲು. ಆ ಬೆನ್ನ ಮೇಲೆ ಬೆಳೆದೋನು ಈಗ ಬೆನ್ನು ಎಣಿಸ್ತಾನೆ, ಹಲ್ಕಾ ನನ್ಮಗ."

ಉದ್ದಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಳು. ಮೂಲೆಯಲ್ಲಿ ಸವೆದು ಬೋಳಾದ ಪೊರಕೆಯೊಂದು ಒರಗಿತ್ತು. ಕಡ್ಡಿಗಳೆಲ್ಲ ಉದುರಿ ಎದೆಮಟ್ಟದ ಕೋಲಷ್ಟೇ ಉಳಿದಿತ್ತು. ನೋಡುತ್ತ ನೋಡುತ್ತ ಅವಳು ಎದ್ದಳು. ಎಲ್ಲರ ಹಾಗೆ ಮಸೆಯಲೆಂದು ಮನೆಗೆ ತಂದಿದ್ದ ಪಟ್ಟಿಯ ಹಿಡಿಯನ್ನು ಕಲ್ಲಿಗೆ ಕುಟ್ಟಿ ಕಿತ್ತಳು. ಕೋಲಿನ ತುದಿ ಸೀಳಿ, ಪಟ್ಟಿ ತೂರಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟೆಯಿಂದ ಬಿಗಿದಳು. ಬಿಗಿಯುವಾಗ ಕೋಲು ಜಾರುತ್ತಿತ್ತು. ಅತ್ತೆ ತೆವಳುತ್ತ ಬಂದು ಇನ್ನೊಂದು ತುದಿಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದಳು.

"ಎಳಿ, ಇನ್ನೂ ಎಳಿ. ನಂಗೆ ಆಗ ಇದು ಯಾಕೆ ಹೊಳೀಲಿಲ್ಲ?" ಎಂದಳು. ಗಂಟು ಕೂತ ಮೇಲೆ, "ಹೊಳೆದಿತ್ತು. ಧೈರ್ಯ ಬರ್ಲಿಲ್ಲ" ಎಂದಳು.

ಕಾರ್ಖಾನೆಯ ಗೇಟಿನಲ್ಲಿ ಹೊರಗೆ ಹೋಗುವ ಹೆಂಗಸರನ್ನು ಸೆರಗು, ರವಿಕೆ, ತುರುಬು ಎಲ್ಲ ತಡಕಿ ಬಿಡುತ್ತಿದ್ದರು, ಎಲ್ಲಿ ಒಂದು ಚೂರು ಸಾಬೂನು ಕದ್ದುಬಿಡುತ್ತಾರೋ ಎಂದು. ಒಳಗೆ ಬರುವವರನ್ನು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಉದ್ದಕ್ಕ ಕೋಲು ಹಿಡಿದು ನೇರವಾಗಿ ಒಳಗೆ ನಡೆದಳು.

ಮೊದಲ ಕಡಾಯಿಯ ಕೆಳಗೆ ಅವಳು ಪಟ್ಟಿ ಇಟ್ಟು ನೂಕಿದಳು. ಮೇಣ ಸುರುಳಿ ಸುರುಳಿಯಾಗಿ ಎದ್ದು ಬಂತು. ಬೆನ್ನು ನೆಟ್ಟಗಿತ್ತು. ಹಬೆ ಮೊಣಕಾಲಿನ ಹತ್ತಿರ ಸುಳಿದು ಚದುರಿ ಹೋಯಿತು. ಇಷ್ಟು ದಿನ ಕೆಲಸ ಮಾಡಿದ ಈ ಹಾಲಿಗೆ ಕಿಟಕಿಗಳಿವೆ ಎಂಬುದೇ ಅವಳಿಗೆ ಅವತ್ತು ಗೊತ್ತಾಯಿತು. ಎತ್ತರದಲ್ಲಿ ಮಸಿ ಹಿಡಿದ ಗಾಜಿನ ಸಾಲು. ಅದರ ಪಕ್ಕ, ಅಟ್ಟದ ಮೇಲೆ ಯಜಮಾನರ ಗಾಜಿನ ಕೋಣೆ.

"ಎಲಾ ಇವಳ! ಮಹಾರಾಣಿ ಥರ ನಿಂತ್ಕೊಂಡು ಕೆರೀತಾಳೆ ನೋಡ್ರೇ!" ಎಂದು ಪಕ್ಕದ ಸಾಲಿನ ಬಾಯಿಬಡ್ಕಿ ಕೂಗಿದಳು. ಹೆಸರಿಗೆ ತಕ್ಕ ಹಾಗೆ ಅವಳ ಗಂಟಲು ಕಾರ್ಖಾನೆಯ ಸೀಟಿಗೆ ಸಮ. "ನಂಗೂ ಒಂದ್ಸಲ ಕೊಡೇ!" ಎಂದು ಕಸಿದುಕೊಂಡು ನಾಲ್ಕು ಮೊಳ ಕೆರೆದಳು. ಆಮೇಲೆ ಏನೂ ಮಾತಾಡದೆ ಕೋಲು ಹಿಂದಕ್ಕೆ ಕೊಟ್ಟಳು. ಬಾಯಿಬಡ್ಕಿ ಮಾತಿಲ್ಲದೆ ನಿಂತಿದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ.

"ಯಾವನೇ ನಿಂಗೆ ಇದನ್ನ ಕೊಟ್ಟೋನು?"

"ನಾನೇ ಮಾಡ್ಕೊಂಡೆ ಮೇಸ್ತ್ರಿ. ನೋಡಿ, ಕೆಲಸ ಏನೂ ನಿಂತಿಲ್ಲ. ನನ್ನ ಸಾಲು ಆಗ್ಲೇ ಮುಗೀತಾ ಬಂತು."

"ಕೆಲಸ ಕೇಳಿದ್ನೇನೇ ನಾನು? ಮೇಲೆ ನೋಡೇ, ಮೇಲೆ!" ಅವನು ಗಾಜಿನ ಕೋಣೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಯಜಮಾನ್ರು ಅಲ್ಲಿಂದ ನೋಡಿದ್ರೆ ಬೆನ್ನು ಕಾಣ್ಬೇಕು. ಬೆನ್ನು ಕಂಡ್ರೆ ಕೆಲಸ ನಡೀತಿದೆ ಅಂತ ಅರ್ಥ. ತಲೆ ಕಂಡ್ರೆ ಹರಟೆ ಅಂತ ಅರ್ಥ. ತಿಳೀತಾ ಮುಂಡೇದೆ?"

ಕೋಲನ್ನು ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. ಒಲೆಯ ಬಾಯಿಗೆ ಎಸೆದ. ಹಿಡಿಯಿಲ್ಲದ ಪಟ್ಟಿಯನ್ನು ಅವಳ ಕಾಲ ಬುಡಕ್ಕೆ ಬಿಸಾಡಿದ.

"ಕಂಪನಿ ಹಿಡಿ ಕಿತ್ತಿದ್ದಕ್ಕೆ ಇವತ್ತು ಹಿಡಿ ಇಲ್ದೆ ಕೆರಿ. ಮಂಡಿ ಊರು. ಊರೇ! ಒಂಟೆ ಮಂಡಿ ಊರೋದನ್ನ ಎಲ್ಲಾರೂ ನೋಡ್ಲಿ."

ಉದ್ದಕ್ಕ ಸುತ್ತ ನೋಡಿದಳು. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಅವಳು ಮಂಡಿ ಊರಿದಳು. ಬರಿಯ ಉಕ್ಕು ಅಂಗೈಯನ್ನು ಸೀಳಿತು, ಸೀಳಿದಲ್ಲಿ ಖಾರದ ಮೇಣ ಹೊಕ್ಕಿತು. ಸಂಜೆಯ ಸೀಟಿ ಕೂಗುವವರೆಗೂ ಅವಳು ಬಾಯಿಂದ ಒಂದು ಸದ್ದು ಹೊರಡಿಸಲಿಲ್ಲ. ಮನೆಯಲ್ಲಿ ಅತ್ತೆ ಅಂಗೈ ತೊಳೆಯಲು ಕೂತಾಗ ಮಾತ್ರ, ಗಾಯ ಮುಟ್ಟುವ ಮೊದಲೇ, ಕಿರುಚಿದಳು.

ಅದಾದ ಮುಂದಿನ ವಾರ ಹೊಸಬನೊಬ್ಬ ಬಂದ. ಕಂಪನಿಯ ಉಪಕರಣಗಳ ಹೊಸ ನಮೂನೆ ಬರೆದುಕೊಡುವವನಂತೆ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲೊಂದು ಚೀಲ. ಚೀಲದಿಂದ ಹೊಸ ಪಟ್ಟಿಗಳನ್ನು ತೆಗೆದು ಹಂಚಿದ. ಕೆಂಪು ರಬ್ಬರಿನ ಹಿಡಿ, ಬೆರಳು ಕೂರಲು ನಾಲ್ಕು ತಗ್ಗು, ಅಂಚು ದುಂಡಗೆ. ನೋಡಲು ಆಟದ ಸಾಮಾನಿನಂತೆ ಚೆಂದವಾಗಿತ್ತು. ಉದ್ದ ಮಾತ್ರ ಅದೇ ಗೇಣು.

ಉದ್ದಕ್ಕನ ಕೈಗೆ ಕೊಟ್ಟು, "ಹಿಡಿತ ಹೇಗಿದೆ ಅಮ್ಮ?" ಎಂದು ಕೇಳಿದ. ದನಿಯಲ್ಲಿ ಕೊಂಕಿರಲಿಲ್ಲ.

"ಹಿಡಿತ ಚೆನ್ನಾಗಿದೆ ಸ್ವಾಮಿ. ಕೈಗೆ ಹಿತವಾಗಿದೆ. ಬೆನ್ನಿಗೇನು ತಂದಿದೀರಿ?"

ಮೇಸ್ತ್ರಿ ಹಿಂದಿನಿಂದ ಹಲ್ಲು ಕಡಿದ. ಹೊಸಬ ಮಾತ್ರ ಮುಖ ತಗ್ಗಿಸಿ, ಚೀಲದ ಬಾಯಿ ಕಟ್ಟುತ್ತ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ: "ಉದ್ದದ್ದನ್ನೇ ಮೊದಲು ಬರ್ಕೊಟ್ಟಿದ್ದೆ ಅಮ್ಮ. ಎದೆ ಮಟ್ಟಕ್ಕೆ ಬರೋ ಅಂಥದ್ದು. ಖರ್ಚೂ ಹೆಚ್ಚೇನಿರಲಿಲ್ಲ. ಮೇಲೆ ಬೇಡ ಅಂದ್ರು."

"ಬೇಡ ಅಂದ್ರಾ? ಯಾಕೆ?"

"ಯಾಕೆ ಅಂತ ಹೇಳಲಿಲ್ಲ." ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಎತ್ತಿದ. "ಎಲ್ಲಾರೂ ಸ್ವಲ್ಪ ಹಿಡಿ ಎತ್ತಿ ತೋರಿಸಿ, ಒಂದು ಫೋಟೋ."

ಹೆಂಗಸರು ಕೆಂಪು ಹಿಡಿ ಎತ್ತಿ ತೋರಿಸಿದರು. ಉದ್ದಕ್ಕನ ಕೈ ಏಳಲಿಲ್ಲ.

ಇಷ್ಟು ದಿನ ಅವಳು ಅಂದುಕೊಂಡಿದ್ದೇ ಬೇರೆ. ದೊಡ್ಡವರಿಗೆ ಇದು ಗೊತ್ತಿಲ್ಲ, ಯಾರೂ ಹೇಳಿಲ್ಲ, ಹೇಳಿದರೆ ತಿಳಿದುಕೊಂಡಾರು ಎಂದು. ಅತ್ತೆಯ ಬೆನ್ನೂ ಹಾಗೆಯೇ, ಯಾರ ಗಮನಕ್ಕೂ ಬಾರದೆ ಬಗ್ಗಿದ್ದು ಎಂದು. ಈಗ ನೋಡಿದರೆ ಎಲ್ಲ ಗೊತ್ತಿದ್ದೇ ನಡೆದಿದೆ. ಉದ್ದದ್ದೊಂದು, ಗಿಡ್ಡದ್ದೊಂದು ಎರಡನ್ನೂ ಮೇಜಿನ ಮೇಲಿಟ್ಟುಕೊಂಡು, ನೋಡಿ, ತೂಗಿ, ಗಿಡ್ಡದ್ದೇ ಇರಲಿ ಎಂದಿದ್ದಾರೆ.

ಊಟದ ಬಿಡುವಿನಲ್ಲಿ ಅವಳು ಅದನ್ನು ಬಾಯಿಬಡ್ಕಿಗೆ ಹೇಳಿದಳು. ಬಾಯಿಬಡ್ಕಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಕೆಲಸ ಉಳಿಯಲಿಲ್ಲ.

"ಅಂದ್ರೆ ಬೇಕಂತ್ಲೇ ಬಗ್ಗಿಸ್ತಿದಾರಾ ಆ ಸೂಳೆಮಕ್ಳು?" ಎಂದಳು ಒಬ್ಬಳು.

"ನಾಳೆ ಕೋಲು ತರೋಣ," ಎಂದಳು ಉದ್ದಕ್ಕ. "ಎಲ್ಲಾರೂ. ಒಬ್ಳದ್ದಾದ್ರೆ ಮುರೀತಾನೆ. ಎಲ್ಲಾರ್ದೂ ಮುರಿಯೋಕೆ ಅವನಿಗೆಷ್ಟು ಮೊಣಕಾಲಿದೆ?"

"ಕೆಲಸದಿಂದ ತೆಗೆದ್ರೆ?"

"ತೆಗೀಬಹುದು," ಎಂದಳು ಉದ್ದಕ್ಕ. ಎಲ್ಲರೂ ಊಟ ಮುಗಿಸಿ ಎದ್ದರು.

ಮಾರನೆಯ ದಿನ ಬೆಳಿಗ್ಗೆ ಉದ್ದಕ್ಕ ಹೊಸದೊಂದು ಕೋಲು ಹಿಡಿದು ಗೇಟಿನ ಹತ್ತಿರ ನಿಂತಳು. ಮೊದಲು ಬಂದವಳ ಕೈಯಲ್ಲಿ ಏನೂ ಇರಲಿಲ್ಲ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಎರಡನೆಯವಳೂ ಹಾಗೇ. ಆಮೇಲೆ ತಿರುವಿನಲ್ಲಿ ಬಾಯಿಬಡ್ಕಿಯ ಗಂಟಲು ಕೇಳಿಸಿತು. ಅವಳ ಹಿಂದೆ ಒಂದು ಹಿಂಡು. ಒಬ್ಬಳ ಕೈಯಲ್ಲಿ ಬಟ್ಟೆ ಒಣಹಾಕುವ ಗಳ, ಒಬ್ಬಳ ಕೈಯಲ್ಲಿ ಮುರಿದ ಮಂಚದ ಪಟ್ಟೆ, ಒಬ್ಬಳದು ನೀರಿನ ಪೈಪು, ಇನ್ನೊಬ್ಬಳದು ಗಂಡನ ಹಳೆಯ ಕೊಡೆಯ ಕಾವು. ಪಟ್ಟಿಗಳನ್ನು ಹಗ್ಗದಿಂದಲೋ ತಂತಿಯಿಂದಲೋ ಬಿಗಿದಿದ್ದರು. ಒಂದರ ಹಾಗೆ ಒಂದಿರಲಿಲ್ಲ. ಖಾಲಿ ಕೈಯಲ್ಲಿ ಒಳಗೆ ಹೋಗಿದ್ದ ಇಬ್ಬರೂ ಬಾಗಿಲಿಂದ ಇಣುಕಿ, "ಹೆಚ್ಚಿಗೆ ಇದೆಯೇನೇ?" ಎಂದು ಕೇಳಿದರು.

ಮೇಸ್ತ್ರಿ ಹಾಲಿಗೆ ಬರುವ ಹೊತ್ತಿಗೆ ಕಡಾಯಿಗಳ ಸಾಲಿನುದ್ದಕ್ಕೂ ತಲೆಗಳೇ. ಅವನು ಮೊದಲು ಕೂಗಿದ, ಆಮೇಲೆ ಬೈದ, ಆಮೇಲೆ ಉದ್ದಕ್ಕನ ಕೋಲಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅಕ್ಕಪಕ್ಕದ ಕೋಲುಗಳೆಲ್ಲ ನಿಂತವು.

"ಗಿಡ್ಡ ಹಿಡೀಲಿ ಕೆರಿಯಲ್ಲ ಮೇಸ್ತ್ರಿ," ಎಂದಳು ಉದ್ದಕ್ಕ. "ಇದ್ರಲ್ಲಿ ಬಿಟ್ರೆ ಕೆರೀತೀವಿ. ಇಲ್ಲ ಅಂದ್ರೆ ನಿಂತಿರ್ತೀವಿ. ನಿಮ್ಮಿಷ್ಟ."

ನಿಂತರು. ಕಡಾಯಿಗಳು ಮಾತ್ರ ನಿಲ್ಲಲಿಲ್ಲ. ಉಕ್ಕಿದ್ದು ಚೆಲ್ಲಿತು, ಚೆಲ್ಲಿದ್ದು ಹರಿಯಿತು. ಗಂಜಿ ಮೇಣವಾಗತೊಡಗಿತು. ಸಾಮಾನು ಹೇರಿದ ಗಾಡಿಯೊಂದು ಹಾಲಿನ ನಡುವೆ ಬಂದು, ಎರಡು ಸಲ ನರಳಿ, ಕಚ್ಚಿಕೊಂಡಿತು. ನೂಕುವವನು ನೂಕಿ ನೂಕಿ ಸಾಕಾಗಿ ಅದರ ಮೇಲೇ ಕೂತ.

ಆಗ ಯಜಮಾನ ಕೆಳಗೆ ಇಳಿದು ಬಂದ. ಅವನು ಆ ನೆಲದ ಮೇಲೆ ಕಾಲಿಟ್ಟಿದ್ದನ್ನು ಹೆಂಗಸರು ಯಾವತ್ತೂ ಕಂಡಿರಲಿಲ್ಲ. ಸಣ್ಣ ಆಳು, ಕನ್ನಡಕ, ಹೊಳೆಯುವ ಬೂಟು. ಹೆಂಗಸರ ಮುಖಗಳನ್ನು ನೋಡಿ, ಯಾವುದನ್ನು ನೋಡಬೇಕೆಂದು ತಿಳಿಯದೆ, ಮೇಸ್ತ್ರಿಯ ಕಡೆ ತಿರುಗಿದ.

"ಏನಯ್ಯ ಇದು?"

"ಬಗ್ಗಲ್ಲ ಅಂತಿದಾರೆ ಧಣಿ..."

"ಅವರು ಬಗ್ಗಲ್ಲ ಅಂದ್ರೆ ನೀನು ಬಗ್ಗು. ನಿನಗ್ಯಾಕೆ ಸಂಬಳ? ಗಾಡಿ ನಿಂತಿದೆ, ಕಣ್ಣು ಕಾಣ್ಸಲ್ವಾ? ತಗೋ ಅದನ್ನ. ಕೆರಿ!"

ಮೇಸ್ತ್ರಿ ನಗಲು ನೋಡಿದ. ಯಜಮಾನ ನಗಲಿಲ್ಲ.

"ಬಗ್ಗೋ ನಾಯಿ! ನಿನ್ನವ್ವ ಕೆರೀಲಿಲ್ವಾ ಇದೇ ನೆಲ? ನೀನೇನು ಮೇಲಿಂದ ಇಳಿದು ಬಂದೋನಾ?"

ಯಾರೋ ಬಿಸಾಡಿದ್ದ ಕೆಂಪು ರಬ್ಬರಿನ ಪಟ್ಟಿ ಅಲ್ಲೇ ಬಿದ್ದಿತ್ತು. ಮೇಸ್ತ್ರಿ ಅದನ್ನು ಎತ್ತಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿದ. ಬಗ್ಗಿದ. ಪಟ್ಟಿ ನೆಲಕ್ಕೆ ತಾಗಿ ಕರಕರ ಸದ್ದು ಮಾಡಿತು. ಅರ್ಧ ಕಲ್ಲಾಗಿದ್ದ ಸಾಬೂನು ಚೂರು ಚೂರಾಗಿ ಸಿಡಿಯಿತು. ಅವನಿಗೆ ಕೆಮ್ಮು ಹತ್ತಿತು.

ನಗಬೇಕಾಗಿತ್ತು. ನಗಲು ಎಷ್ಟು ದಿನದಿಂದ ಕಾದಿದ್ದರೋ. ಆದರೆ ಯಾರ ಬಾಯಿಗೂ ನಗು ಬರಲಿಲ್ಲ, ಬಾಯಿಬಡ್ಕಿಗೂ. ಬಿಳಿ ಅಂಗಿಯ ಕೆಳಗೆ ಬೆನ್ನುಮೂಳೆ ಗಂಟು ಗಂಟಾಗಿ ಎದ್ದು ಕಾಣುತ್ತಿತ್ತು. ಎಲ್ಲರ ಮನೆಯಲ್ಲೂ ಅಂಥದ್ದೊಂದು ಬೆನ್ನಿತ್ತು.

ಉದ್ದಕ್ಕ ಸಾಲಿನಿಂದ ಹೊರಗೆ ಬಂದಳು. ಮೇಣದಲ್ಲಿ ಪಾದ ಕಚ್ಚುತ್ತಿತ್ತು, ಕಿತ್ತು ಕಿತ್ತು ಇಟ್ಟಳು. ಮೇಸ್ತ್ರಿಯ ಮುಂದೆ ನಿಂತು, ತನ್ನ ಕೋಲನ್ನು ಅವನ ಮುಖದ ಮುಂದೆ ನೆಟ್ಟಗೆ ಹಿಡಿದಳು.

"ಏಳಣ್ಣ," ಎಂದಳು. "ಎದ್ದು ನಿಂತ್ಕೋ."

"ಮುಟ್ಟಿದ್ಯೋ, ನಾಳೆಯಿಂದ ಗೇಟಿನ ಹೊರಗೆ ನೀನು!" ಎಂದು ಯಜಮಾನ ಕಿರುಚಿದ. ಒಂದು ಹೆಜ್ಜೆ ಮುಂದಿಡಲು ಹೋದ, ಬೂಟು ಏಳಲಿಲ್ಲ.

ಕೆರೆಯುವ ಸದ್ದು ನಿಂತಿತು. ಬಗ್ಗಿದ್ದಲ್ಲಿಂದಲೇ ಮೇಸ್ತ್ರಿ ಮುಖ ಎತ್ತಿದ. ಹಬೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅವನ ಕೈ ಮೇಲೆದ್ದು ಕೋಲನ್ನು ಹಿಡಿಯಿತು. ಏಳುವುದಕ್ಕೆ ಹಿಡಿದನೋ, ಕಿತ್ತು ಮುರಿಯುವುದಕ್ಕೆ ಹಿಡಿದನೋ, ಉದ್ದಕ್ಕನಿಗೆ ತಿಳಿಯಲಿಲ್ಲ. ಅವನ ಭಾರ ಅವಳ ಸೀಳಿದ ಅಂಗೈಗೆ ಇಳಿಯಿತು. ಅವಳು ಎರಡು ಕಾಲನ್ನೂ ಅಗಲಿಸಿ ಊರಿ, ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದಳು.