ಗಾಜಿನ ಅಂಚಿಗೆ ಒರಗಿದ ಅತ್ತೆ

ಉಪ್ಪಿನ ಹರಳು, ಅಲ್ಲ, ಕಲ್ಲುಸಕ್ಕರೆ, ಅಲ್ಲ, ಅದೂ ಅಲ್ಲ — ಸಂಜೆಬಿಸಿಲು ಆ ಒಡೆದ ಗಾಜನ್ನು ಹಾದು ತಾರಸಿಯ ಹಾಸುಕಲ್ಲುಗಳ ಮೇಲೆ ಚೆಲ್ಲಿದ್ದು ಯಾವುದರ ಹಾಗಿದೆ ಅಂತ ಅವಳ ಮನಸ್ಸು ಮಾತು ಹುಡುಕುತ್ತಿತ್ತು, ಹುಡುಕುತ್ತಿದ್ದೇನೆ ಅಂತ ಗೊತ್ತಾದಾಗ ಅವಳಿಗೇ ನಾಚಿಕೆಯಾಯಿತು, ಆಮೇಲೆ ನಾಚಿಕೆಯೂ ಹೋಗಿ ಒಳಗೆಲ್ಲೋ ಬಿಗಿದ ಗಂಟೊಂದು ಸಡಿಲವಾಯಿತು, ಹೋಲಿಕೆ ಹುಡುಕುವಷ್ಟು ಪುರುಸೊತ್ತು ಮನಸ್ಸಿಗೆ ಸಿಕ್ಕಿದೆ ಅಂದರೆ ಯಾರಿಗೂ ಏನೂ ಆಗಿಲ್ಲ ಅಂತಲೇ ಅರ್ಥ, ಆಗಿಲ್ಲ, ಅಗೋ ಅತ್ತೆ ಕಲ್ಲುಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದಾರೆ, ಕುಡಿಯುತ್ತ ಕಟ್ಟಡದ ಕಾವಲುಗಾರನಿಗೆ ಅದೇ ಕಥೆಯನ್ನು ಮತ್ತೆ ಮೊದಲಿಂದ ಹೇಳುತ್ತಿದ್ದಾರೆ, ಪಟಾಕಿ ಹೊಡೆದ ಹಾಗೆ ಢಂ ಅಂತು ಕಣಪ್ಪಾ, ನಾನು ಕೆಳಗಿನ ಮನೆಯವರ ಕುಕ್ಕರ್ ಸಿಡೀತು ಅಂದ್ಕೊಂಡೆ, ನೋಡಿದ್ರೆ ನನ್ನ ಮೊಣಕೈ ಕೆಳಗೇ ಪೂರ್ತಿ ಬೆಳ್ಳಗಾಗಿದೆ — ಬೆಳ್ಳಗಾಗಿದೆ, ನಿಜ, ಒಂದಾಳಗಲದ ಆ ಫಲಕ ಕೆಳಗಿಂದ ಮೇಲಿನವರೆಗೆ ನುಚ್ಚಾಗಿ ಹೋಗಿದೆ, ಆದರೂ ನಿಂತಿದೆ, ಅಕ್ಕಪಕ್ಕದ ತಿಳಿಯಾದ ಗಾಜುಗಳ ನಡುವೆ ಮಂಜು ಹಿಡಿದ ಕಿಟಕಿಯ ಹಾಗೆ ನೆಟ್ಟಗೆ ನಿಂತಿದೆ.

ಗಂಡ ಫೋನಿನಲ್ಲಿ ಸುದ್ದಿ ಹೇಳಿದ ಚೆಂದವೋ, ಅವನು ಯಾವಾಗಲೂ ಹೀಗೇ, ಹಿಂದುಮುಂದು ಮಾಡಿ ಹೇಳುವುದು, ನಮ್ಮ ಬಿಲ್ಡಿಂಗ್ ತಾರಸೀಲಿ ಗಾಜು ಒಡೀತಂತೆ, ಅಮ್ಮ ಅದಕ್ಕೇ ಒರಗಿದ್ರಂತೆ — ಇಲ್ಲಿ ಅವನು ಉಸಿರು ತೆಗೆದುಕೊಂಡ, ಆ ಒಂದು ಉಸಿರಿನೊಳಗೆ ಅತ್ತೆ ಏಳು ಮಹಡಿ ಕೆಳಗೆ ಬಿದ್ದಾಗಿತ್ತು, ಅವಳ ಕೈಯಲ್ಲಿದ್ದ ಪೆನ್ನು ಮೇಜಿನಿಂದ ಉರುಳಿ ಎಲ್ಲಿ ಹೋಯಿತೋ — ಏನೂ ಆಗಿಲ್ಲ, ಚೆನ್ನಾಗೇ ಇದಾರೆ, ನೀನು ಸ್ವಲ್ಪ ಹೋಗಿ ನೋಡ್ತೀಯಾ, ನಿನ್ನದೇ ಗಾಜಲ್ವಾ. ನಿನ್ನದೇ ಗಾಜು. ಅವನು ತಮಾಷೆಗೆ ಅಂದದ್ದು, ಮನೆಯಲ್ಲಿ ಎಲ್ಲರೂ ಹಾಗೇ ಅನ್ನುವುದು, ಈ ಮನೆಗೆ ಬಂದ ಮೊದಲ ವಾರವೇ ಅತ್ತೆ ತಾರಸಿಗೆ ಬಂದವರಿಗೆಲ್ಲ ಡಂಗುರ ಹೊಡೆದಿದ್ದರು, ಈ ಗಾಜಿನ ಕಟಾಂಜನ ಇದೆಯಲ್ಲ, ಇದು ನಮ್ಮ ಸೊಸೇದು, ಅವಳು ಬರೆದದ್ದು. ಗಾಜು ಬರೆಯೋದಾ, ಅಂತ ಎರಡನೇ ಮಹಡಿಯಾಕೆ ಕೇಳಿದರೆ, ಹೂಂ ಮತ್ತೆ, ಎಷ್ಟು ದಪ್ಪ ಇರಬೇಕು, ಎಷ್ಟು ಎತ್ತರ, ಯಾವ ಗಾಜು, ಯಾವ ಅಂಟು, ನೆಲದ ಕಲ್ಲು ಹೇಗೆ ಕೂರಬೇಕು, ನೀರು ಹೇಗೆ ಹೋಗಬೇಕು, ಎಲ್ಲಾ ಇವಳು ಬರೆದುಕೊಟ್ಟರೇನೇ ಅವರು ಮಾಡೋದು, ನಮ್ಮನೇಲಿ ಸಾರಿಗೆ ಉಪ್ಪು ಎಷ್ಟು ಅಂತ ಮಾತ್ರ ಬರೆದಿಟ್ಟಿಲ್ಲ. ಆ ಮಾತಿಗೆ ಅವಳೂ ನಕ್ಕಿದ್ದಳು. ಅತ್ತೆಯದು ಹೊಗಳಿಕೆ ಯಾವುದು ಚುಚ್ಚು ಯಾವುದು ಅಂತ ಬಿಡಿಸಲು ಹೋಗುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು, ಎರಡೂ ಒಂದೇ ತುತ್ತಿನಲ್ಲಿ ಬರುತ್ತವೆ, ನುಂಗಿಬಿಡಬೇಕು, ಅಷ್ಟೆ.

ಮತ್ತೆ ಆ ಒರಗುವುದು. ಸಂಜೆಯಾದರೆ ಸಾಕು, ಅತ್ತೆ ಮೇಲೆ ಬಂದು ಎರಡೂ ಮೊಣಕೈಗಳನ್ನು ಗಾಜಿನ ಮೇಲಂಚಿಗೆ ಊರಿ, ಗಲ್ಲಕ್ಕೆ ಕೈಕೊಟ್ಟು, ಕೆಳಗಿನ ಬೀದಿಯನ್ನು ನೋಡುತ್ತ ನಿಲ್ಲುವುದು, ಯಾರ ಕಾರು ಯಾರ ಬಾಗಿಲಿಗೆ ಅಡ್ಡ ನಿಂತಿದೆ, ಯಾರ ಮಗಳು ಯಾರ ಬೈಕಿನಿಂದ ಇಳಿದಳು, ಎಲ್ಲ ಅಲ್ಲಿಂದಲೇ ತೀರ್ಮಾನ. ಅತ್ತೇ, ಹಾಗೆ ಒರಗಬೇಡಿ. ಯಾಕೆ, ನಿನ್ನ ಗಾಜು ತಡೆಯಲ್ವಾ? ತಡೆಯುತ್ತೆ. ಮತ್ತಿನ್ನೇನು? ಏನಿಲ್ಲ, ಒರಗುವವರಿಗಾಗಿಯೇ ತಾನೇ ಅದನ್ನು ಬರೆಯುವುದು, ಮೇಲೆ ಕೈಹಿಡಿಯ ಪಟ್ಟಿ ಒಂದು ಬೇಕು ಅಂತ ಅವಳು ಹಟ ಹಿಡಿದಾಗ ಆರ್ಕಿಟೆಕ್ಟ್ ತಲೆಗೂದಲಲ್ಲಿ ಬೆರಳಾಡಿಸುತ್ತ, ಏನ್ರೀ ನೀವು, ಆಕಾಶಕ್ಕೆ ಗೆರೆ ಎಳೀತೀರಾ ಅಂದಿದ್ದ, ಅಲ್ಲಿ ಅವಳು ಸೋತಿದ್ದಳು, ಗೆರೆ ಇಲ್ಲದ ಆಕಾಶ, ಪಟ್ಟಿ ಇಲ್ಲದ ಗಾಜು, ಅದರ ಬರೀ ಅಂಚಿನ ಮೇಲೆ ಅತ್ತೆಯ ಎರಡು ಮೊಣಕೈ. ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ, ಸಿಗ್ನಲ್ಲಿನ ಕೆಂಪು ದೀಪ ನೋಡಿದರೆ ಮೊಣಕೈ, ಮುಂದಿನ ಲಾರಿಯ ಹಿಂಬದಿ ನೋಡಿದರೆ ಮೊಣಕೈ, ಅವುಗಳ ಕೆಳಗೆ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾಗುವುದು, ಆಮೇಲೆ —

ಆಮೇಲಿನದೇ ಅವಳನ್ನು ತಿನ್ನುತ್ತಿದ್ದದ್ದು. ಯಾರಿಗೂ ಗೊತ್ತಿಲ್ಲದ್ದು, ಅವಳಿಗೆ ಮಾತ್ರ ಗೊತ್ತಿರುವುದು. ಅವರ ಆಫೀಸಿನಲ್ಲಿ ಯಾರೂ ಖಾಲಿ ಹಾಳೆಯಿಂದ ಬರೆಯಲು ಶುರು ಮಾಡುವುದಿಲ್ಲ, ಹಿಂದಿನ ಕೆಲಸದ ಫೈಲು ತೆಗೆದು, ಹೊಸ ಹೆಸರು ಕೊಟ್ಟು, ಬದಲಾಯಿಸಬೇಕಾದದ್ದನ್ನು ಬದಲಾಯಿಸುವುದು, ಹಳೆಯ ಅಂಗಿಯನ್ನು ತಮ್ಮನ ಅಳತೆಗೆ ಕತ್ತರಿಸಿದ ಹಾಗೆ. ಈ ತಾರಸಿಯದ್ದನ್ನು ಅವಳು ಒಂದು ಬಟ್ಟೆ ಅಂಗಡಿಯ ಒಳಮೆಟ್ಟಿಲಿನ ಫೈಲಿನಿಂದ ಮಾಡಿದ್ದಳು. ಕಂಪ್ಯೂಟರಿಗೆ ಹೇಳಿ ಮೆಟ್ಟಿಲು ಅಂತ ಇದ್ದಲ್ಲೆಲ್ಲ ತಾರಸಿ ಅಂತ ಮಾಡಿಸಿದ್ದಳು, ಅದು ಒಂದನ್ನೂ ಬಿಡದೆ ಬದಲಾಯಿಸಿ, ಗ್ರಾಹಕರು ತಾರಸಿ ಹತ್ತುವಾಗ ಎಡವದಂತೆ ಪ್ರತಿ ತಾರಸಿಯ ಅಂಚಿಗೂ ಒರಟು ಪಟ್ಟಿ ಇರತಕ್ಕದ್ದು ಅಂತ ಆಗಿ, ಆಫೀಸಿನ ಹಿರಿಯರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಿದ್ದರು, ಏನಮ್ಮಾ, ನಿನ್ನ ಗ್ರಾಹಕರೇನು ಕೋತಿಗಳಾ? ಅದನ್ನೆಲ್ಲ ಅವಳು ತಿದ್ದಿದ್ದಳು, ಕಣ್ಣಿಗೆ ಬಿದ್ದದ್ದನ್ನೆಲ್ಲ. ಆದರೆ ಗಾಜು ಅಂದರೆ ಒಂದು ಗಾಜಲ್ಲ, ಎರಡು ಗಾಜು, ನಡುವೆ ಅವೆರಡನ್ನೂ ಹಿಡಿದಿಡುವ ಕಣ್ಣಿಗೆ ಕಾಣದ ಒಂದು ತೆಳು ಪದರ, ಒಳಾಂಗಣಕ್ಕೆ ಮೆತ್ತನೆಯದು ಸಾಕು, ಬಯಲಿಗೆ ಗಟ್ಟಿಯದೇ ಬೇಕು, ಮೆತ್ತನೆಯದು ಬಿಸಿಲಿಗೆ ಇನ್ನಷ್ಟು ಮೆತ್ತಗಾಗುತ್ತದೆ, ಎರಡೂ ಗಾಜು ಒಡೆದ ದಿನ ಇಡೀ ಫಲಕ ಒದ್ದೆ ಕಂಬಳಿಯ ಹಾಗೆ ಹೊರಕ್ಕೆ ಮಡಿಚಿಕೊಳ್ಳುತ್ತದೆ, ಒರಗಿದವರನ್ನೂ ತನ್ನ ಜೊತೆಗೇ ಕರೆದುಕೊಂಡು. ಆ ಪದರದ ಸಾಲನ್ನು ಬದಲಾಯಿಸಿದೆನೇ? ಗಾಜಿನವನ ಜೊತೆ ಅದರ ಬಗ್ಗೆ ಫೋನಿನಲ್ಲಿ ಜಗಳವಾಡಿದ್ದು ನೆನಪಿದೆ, ಮೇಡಂ, ಒಳಗಿನ ಪದರ ಯಾರಿಗೆ ಕಾಣುತ್ತೆ, ಮೆತ್ತಂದೇ ಹಾಕಿಬಿಡೋಣ — ಆದರೆ ಆ ಜಗಳ ಈ ತಾರಸಿಯದೋ ಹೋಟೆಲಿನ ಬಾಲ್ಕನಿಯದೋ, ಎಲ್ಲ ಕೆಲಸದಲ್ಲೂ ಎಲ್ಲರ ಜೊತೆಗೂ ಇದೇ ಜಗಳ, ನೆನಪಿನಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಕಾರಿನಲ್ಲಿ ಫೋನ್ ತೆಗೆದಳು, ಫೈಲಿನ ಹೆಸರಿನ ಮೇಲೆ ಬೆರಳು ಇಟ್ಟಳು, ಒತ್ತಲಿಲ್ಲ. ಅತ್ತೆಯ ಮುಖ ನೋಡುವ ಮೊದಲು ಆ ಸಾಲು ನೋಡುವ ಧೈರ್ಯ ಅವಳಿಗಿರಲಿಲ್ಲ.

ನೋಡಿದ್ಯಾ, ನಿಂತೇ ಇದೆ, ಅತ್ತೆ ಬೆಂಚಿನಿಂದಲೇ ಕೂಗಿದರು, ಒಂದು ಚೂರೂ ಬಿದ್ದಿಲ್ಲ. ಹೌದು, ಅವಳು ಮೊದಲು ನೋಡಿದ್ದೇ ಅದನ್ನು, ಅತ್ತೆಯ ಕೈ ಕಾಲು ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದ ಮೇಲೆ, ಮೊಣಕೈಗಳ ಹತ್ತಿರ ಗಾಜಿನಂಚು ಒತ್ತಿದ ಕೆಂಪು ಗೆರೆ ಬಿಟ್ಟರೆ ಎಲ್ಲೂ ಏನಿಲ್ಲ, ಬಿಡೇ, ಕಚಗುಳಿ ಆಗುತ್ತೆ — ಆಮೇಲೆ ಬಗ್ಗಿ ಹಾಸುಕಲ್ಲುಗಳ ನಡುವಿನ ಸಂದುಗಳನ್ನು ನೋಡಿದ್ದಳು, ಕಲ್ಲುಗಳು ಕುಳ್ಳ ಕಾಲುಗಳ ಮೇಲೆ ಕೂತಿವೆ, ಅಡಿಯಲ್ಲಿ ನೀರು ಹೋಗಲು ಜಾಗ, ಸಂದಿಗೆ ಬಿದ್ದದ್ದು ಮೇಲೆ ಬರುವುದಿಲ್ಲ, ಆದರೆ ಬಿದ್ದದ್ದೇ ಏನೂ ಇರಲಿಲ್ಲ. ನಿಂತಿದೆ. ಕಾವಲುಗಾರ, ಮೇಡಂ ಬರೆದದ್ದು ಅಂದ್ರೆ ಸುಮ್ನೇನಾ ಅಂದ. ಗಂಡ ಮೆಸೇಜಿನಲ್ಲಿ ಒಂದು ಚಪ್ಪಾಳೆಯ ಚಿತ್ರ ಕಳಿಸಿದ. ಅವಳು ಮಾತ್ರ ಹತ್ತಿರ ಹೋದಳು, ಉಗುರಿನ ತುದಿಯನ್ನು ಒಳಗಡೆಯ ಮೈಮೇಲೆ ಮೆಲ್ಲಗೆ ಎಳೆದಳು, ನುಣುಪು, ಎಲ್ಲೂ ತಡೆಯಲಿಲ್ಲ, ಕೈ ಚಾಚಿ ಹೊರಗಡೆಯ ಮೈಮೇಲೆ ಎಳೆದಳು, ಸಣ್ಣಗೆ ಕರಕರ, ಉಗುರು ಪ್ರತಿ ಬಿರುಕಿಗೂ ತಡೆದು ತಡೆದು ಹೋಯಿತು. ಒಡೆದದ್ದು ಹೊರಗಿನ ಗಾಜು ಮಾತ್ರ. ಒಳಗಿನದು ಇಡಿಯಾಗಿದೆ. ಹಾಗಿದ್ದ ಮೇಲೆ ಮೆತ್ತನೆಯ ಪದರವಾಗಿದ್ದರೂ ಇದು ನಿಲ್ಲುತ್ತಿತ್ತು, ನಿಂತದ್ದಕ್ಕೆ ಅರ್ಥವೇ ಇಲ್ಲ, ಇವರೆಲ್ಲ ಯಾವುದಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೋ ಅದು ಅದೃಷ್ಟ, ಅವಳ ಬರವಣಿಗೆ ಅಲ್ಲ, ಇರಲಿಕ್ಕಿಲ್ಲ, ಇದ್ದರೂ ಇರಬಹುದು, ತಾರಸಿಯ ನಾಲ್ಕೂ ಕಡೆ ಸಾಲಾಗಿ ನಿಂತ ತಿಳಿಗಾಜುಗಳನ್ನು ಅವಳು ನೋಡಿದಳು, ಎಲ್ಲದರ ನಡುವೆಯೂ ಅದೇ ಪದರ, ಎಲ್ಲದರ ಅಂಚಿನ ಮೇಲೂ ಯಾರದೋ ಮೊಣಕೈ, ಎರಡನೇ ಮಹಡಿಯಾಕೆಯದು, ಅವಳ ಮಕ್ಕಳದು, ಮೆತ್ತನೆಯದಾಗಿದ್ದರೆ ಈಗಲೇ, ಈ ನಿಮಿಷವೇ ಹೇಳಬೇಕು, ಬಾಗಿಲಿಗೆ ಬೀಗ ಹಾಕಿಸಬೇಕು, ತಪ್ಪು ನನ್ನದು ಅನ್ನಬೇಕು, ಅತ್ತೆಯ ಎದುರಿಗೇ, ಇದು ನಮ್ಮ ಸೊಸೇದು.

ಫೈಲು ತೆಗೆದು ನೋಡಬಹುದು. ಆದರೆ ಬರೆದದ್ದು ಒಂದು, ಕೂರಿಸಿದ್ದು ಇನ್ನೊಂದು ಆಗಿರಬಹುದು, ಗಾಜನ್ನೇ ಕೇಳಬೇಕು. ಪಟ್ಟಿ ಇಲ್ಲದ ಬರೀ ಅಂಚು, ಅವಳು ಸೋತ ಆ ಜಗಳದಿಂದ ಉಳಿದದ್ದು ಇದೊಂದೇ ಅನುಕೂಲ, ಎರಡು ಗಾಜುಗಳ ನಡುವೆ ಪದರದ ತುದಿ ಎಳೆಯ ಹಾಗೆ ಕಾಣುತ್ತಿತ್ತು. ಮೆತ್ತನೆಯದಾದರೆ ರಬ್ಬರಿನ ಹಾಗೆ ಉಗುರು ಇಳಿಯುತ್ತದೆ, ಗಟ್ಟಿಯದಾದರೆ ಬಾಚಣಿಗೆಯ ಹಲ್ಲಿಗೆ ಒತ್ತಿದ ಹಾಗೆ, ಇಳಿಯುವುದಿಲ್ಲ. ಒಡೆದದ್ದರ ತಂಟೆಗೆ ಹೋಗದೆ ಪಕ್ಕದ ಗಾಜಿನ ಬಳಿ ನಿಂತಳು, ಹೆಬ್ಬೆರಳ ಉಗುರನ್ನು ಆ ಎಳೆಯ ಮೇಲೆ ಇಟ್ಟಳು, ಒತ್ತಲು ಆಗಲಿಲ್ಲ, ಒಂದು ಗಳಿಗೆ ಹಾಗೇ ಇಟ್ಟುಕೊಂಡು ನಿಂತಳು, ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎಳೆದರು, ಒತ್ತಿದಳು. ಇಳಿಯಲಿಲ್ಲ. ಇನ್ನೂ ಒತ್ತಿದಳು, ಉಗುರಿನ ತುದಿ ಬೆಳ್ಳಗಾಯಿತು, ನೋವಾಯಿತು, ಆಹಾ ಎಂಥ ನೋವು, ಇಳಿಯಲಿಲ್ಲ. ಮುಂದಿನದಕ್ಕೆ ಹೋದಳು, ಅದರ ಮುಂದಿನದಕ್ಕೆ, ಮೂಲೆ ತಿರುಗಿ ಆ ಬದಿಯದಕ್ಕೆ, ಎಲ್ಲೂ ಇಳಿಯಲಿಲ್ಲ, ಏನೇ ಅದು, ಗಾಜಿಗೆ ಚಿವುಟ್ತಾ ಇದೀಯಾ, ಅತ್ತೆ ಕೂಗಿದರು, ಒಡೆದಿದ್ದಕ್ಕೆ ಶಿಕ್ಷೆನಾ? ಹೂಂ ಅತ್ತೇ, ಚಿವುಟ್ತಾ ಇದೀನಿ. ಅಳುತ್ತಾ? ಇಲ್ಲ, ಅಳಲ್ಲ, ಗಟ್ಟಿ ಪಿಂಡ. ಅಂದದ್ದೇ ತಡ, ಅವಳು ಬೆನ್ನು ತಿರುಗಿಸಿ ನಿಂತಳು, ಗಟ್ಟಿಯದು, ಎಲ್ಲ ಗಟ್ಟಿಯದು, ಆ ಗಾಜಿನವನು ದುಬಾರಿಯದಕ್ಕೆ ತಾನಾಗಿ ಕೈಬಿಚ್ಚುವವನಲ್ಲ, ಹಾಗಿದ್ದರೆ ಜಗಳ ಈ ತಾರಸಿಯದೇ, ಈಗ ಕೇಳಿಸುತ್ತಿದೆ ನೋಡು ಪೂರ್ತಿ, ಮೇಡಂ, ಒಳಗಿನ ಪದರ ಯಾರಿಗೆ ಕಾಣುತ್ತೆ, ಯಾರಿಗೂ ಕಾಣೋದು ಬೇಡ ಕಣ್ರೀ, ಹಿಡಿದುಕೊಂಡರೆ ಸಾಕು, ನೀವು ಒಪ್ಪೋವರೆಗೂ ನಾನು ಫೋನ್ ಇಡಲ್ಲ. ಇಟ್ಟಿರಲಿಲ್ಲ. ಕಿವಿ ಬಿಸಿಯಾಗುವವರೆಗೆ ಹಿಡಿದೇ ಇದ್ದಳು. ಹೆದರುಪುಕ್ಕಲಿ ಅಂತ ಅವಳನ್ನು ಅವಳೇ ಕರೆದುಕೊಳ್ಳುವುದು, ಮೂರು ಸಲ ಗ್ಯಾಸ್ ನೋಡುವವಳು, ಬೀಗ ಎಳೆದು ಎಳೆದು ನೋಡುವವಳು, ಆ ಪುಕ್ಕಲಿಯೇ ಅವತ್ತು ಫೋನ್ ಇಡದೆ ಕೂತದ್ದು.

ಹೊರಗಾಳಿ ಎದೆಯ ತಳದವರೆಗೂ ಹೋಯಿತು, ಎಷ್ಟು ಹೊತ್ತಿನಿಂದ ಉಸಿರನ್ನು ಕಂತುಕಂತಾಗಿ ತೆಗೆದುಕೊಳ್ಳುತ್ತಿದ್ದಳೋ, ಗಾಳಿಯಲ್ಲಿ ಯಾರದೋ ಮನೆಯ ಸೋಪಿನ ವಾಸನೆ, ಕಾವಲುಗಾರ ಒಡೆದ ಫಲಕದ ಮುಂದೆ ಎರಡು ಕುರ್ಚಿ ಅಡ್ಡ ಇಟ್ಟು ಹಗ್ಗ ಕಟ್ಟುತ್ತಿದ್ದಾನೆ, ನಾಳೆ ಗಾಜಿನವನಿಗೆ ಫೋನ್ ಮಾಡಬೇಕು, ಬಿಸಿಲಿಗೆ ಗಾಜಿನೊಳಗಿನ ಯಾವುದೋ ಕಣ ಊದಿಕೊಂಡು ಸಿಡಿದಿರಬೇಕು, ಅದು ಯಾರ ತಪ್ಪೂ ಅಲ್ಲ, ಹೊಸದು ತರಿಸಬೇಕು, ಜೊತೆಗೆ ಕೈಹಿಡಿಯ ಪಟ್ಟಿಯನ್ನೂ ಬರೆಯಬೇಕು, ಆಕಾಶಕ್ಕೆ ಗೆರೆ ಎಳೆದೇ ಎಳೆಯುತ್ತೇನೆ, ಆರ್ಕಿಟೆಕ್ಟ್ ಬಂದು ಅಳಿಸಲಿ ನೋಡೋಣ, ರಾತ್ರಿ ಅಡುಗೆಗೇನು, ಗಂಡನಿಗೆ ಹೇಳಿ ಹೊರಗಿನಿಂದ ತರಿಸಿದರಾಯಿತು, ಇವತ್ತು ಒಂದು ದಿನ ಅತ್ತೆಯೂ ಬೈಯಲಾರರು, ಬೈದರೂ ಬೈಯಲಿ, ಬೈಯಲು ಇದ್ದಾರಲ್ಲ — ಅತ್ತೇ, ಬನ್ನಿ, ಕೆಳಗೆ ಹೋಗೋಣ ಅಂತ ಅವಳು ತಿರುಗಿದಳು. ಬೆಂಚಿನ ಮೇಲೆ ಖಾಲಿ ಲೋಟ. ಅತ್ತೆ ಎದ್ದು ಆಚೆ ಬದಿಗೆ ಹೋಗಿದ್ದಾರೆ, ಅಲ್ಲಿನ ಗಾಜು ಇಡಿಯಾಗಿದೆ, ಅದರಾಚೆ ಬೀದಿ ಸ್ಪಷ್ಟವಾಗಿ ಕಾಣುತ್ತದೆ, ಏನೇ, ಆ ಬಿಳೀ ಕಾರು ಮತ್ತೆ ಅಡ್ಡ ನಿಲ್ಲಿಸಿದಾನೆ ನೋಡೇ, ಬಾ ಇಲ್ಲಿ, ಅಂದರು. ಬೇಡ ಅತ್ತೇ ಅನ್ನಲು ಬಾಯಿ ತೆರೆದಳು, ಅನ್ನಬೇಕಾಗಿಲ್ಲ, ಅದೂ ಗಟ್ಟಿಯದೇ, ಅವಳು ನೋಡಿದಳು — ಬರೀ ಅಂಚು, ಅದರ ಮೇಲೆ ಕೆಂಪು ಗೆರೆ ಇನ್ನೂ ಮಾಸದ ಎರಡು ಮೊಣಕೈ, ಎರಡು ಮೊಣಕೈ, ಗಾಜಿನ ಮೇಲೆ.