ಮೈನಸ್ ಮೂರು, ಇಪ್ಪತ್ತೇಳು

ಐದು ಲೆಕ್ಕದಲ್ಲಿ ನಾಲ್ಕು ಸರಿಯಾದರೆ ಅಲಿನಾಫೆಗೆ ಮತ್ತೆ ಹೈಸ್ಕೂಲಿನ ಮೂರನೆಯ ಫಾರ್ಮಿನಲ್ಲಿ, ಅಂದರೆ ಮೂರನೆಯ ವರ್ಷದ ತರಗತಿಯಲ್ಲಿ, ಜಾಗ, ಇಲ್ಲದಿದ್ದರೆ ಇಲ್ಲ. ಗಣಿತದ ಕಚಿಂಗ್ವೆ ಮೇಷ್ಟ್ರು ಮೊದಲೇ ಹೇಳಿದ್ದರು. ಬಸುರಿಯಾಗಿ ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಮಗು ಈಗ ಹೊರಗೆ ಮಾವಿನ ನೆರಳಲ್ಲಿ, ಅವಳ ಅಜ್ಜಿಯ ಬೆನ್ನಿಗೆ ಕಟ್ಟಿದ ಬಟ್ಟೆಯೊಳಗೆ ರಚ್ಚೆ ಹಿಡಿದಿತ್ತು.

"ಬೇಗ ಮುಗಿಸೇ! ನನ್ನ ಒಣಗಿದ ಎದೆ ಚೀಪಿದ್ರೆ ಇವನಿಗೇನು ಸಿಗತ್ತೆ?" ಅಜ್ಜಿ ಕಿಟಕಿಯಲ್ಲಿ ಇಣುಕಿದಳು.

"ಅಜ್ಜೀ, ಪರೀಕ್ಷೆ ನಡೀತಿದೆ," ಮೇಷ್ಟ್ರು ಗದರಿದರು.

"ನಡೀಲಿ ಬಿಡಪ್ಪ, ನಾನೇನು ಅದರ ಕಾಲು ಹಿಡ್ಕೊಂಡಿದೀನಾ?"

ಮೊದಲ ಮೂರು ಲೆಕ್ಕ ಸಲೀಸಾಗಿ ಬಂದಿದ್ದವು. ಅವುಗಳಲ್ಲೊಂದು, (−2)ˣ × (−2)³ = 64. ಆಧಾರ ಒಂದೇ, ಘಾತಗಳನ್ನು ಕೂಡು, ಅರವತ್ತನಾಲ್ಕು ಎಂದರೆ ಮೈನಸ್ ಎರಡರ ಆರನೆಯ ಘಾತ, x ಮೂರು. ನಾಲ್ಕನೆಯದು ತಲೆಗೆ ಹತ್ತದೆ ಹಾಗೇ ಬಿಟ್ಟಿದ್ದಳು. ಇನ್ನು ಉಳಿದದ್ದು ಐದನೆಯದು.

(−3)ˣ = 27.

ಮೂರು ಎಂದು ಬರೆಯಲು ಹೊರಟ ಕೈ ನಿಂತಿತು. ಅಜ್ಜಿಯೂ ಅವಳೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಮೆಕ್ಕೆಜೋಳ ಕುಟ್ಟುವಾಗ ಮೈನಸ್ ಸಂಖ್ಯೆಯ ಘಾತ ಏರಿದಂತೆ ಚಿಹ್ನೆ ಬದಲಾಗುವ ಈ ಪಾಠವನ್ನು ಅವಳು ಗಟ್ಟಿ ಮಾಡಿಕೊಂಡಿದ್ದಳು. ಮೊದಲ ಪೆಟ್ಟು ತನ್ನದು, ಮೈನಸ್. ಎರಡನೆಯದು ಅಜ್ಜಿಯದು, ಪ್ಲಸ್. ಇಪ್ಪತ್ತೇಳು ಬರುವುದು ಮೂರನೆಯ ಪೆಟ್ಟಿಗೆ, ತನ್ನ ಸರದಿಗೆ. ಇಪ್ಪತ್ತೇಳಕ್ಕೆ ಮೈನಸ್ ಇರಲೇಬೇಕು. ಬೋರ್ಡಿನಲ್ಲಿ ಇರಲಿಲ್ಲ.

ಹಿರಿಯರ ತಪ್ಪನ್ನು ಹೆಣ್ಣುಮಗಳು ಎತ್ತಿ ಆಡುವುದುಂಟೆ? ಆದರೂ ಎದ್ದು ಹೋಗಿ, ಹಿರಿಯರೊಡನೆ ಮಾತಾಡುವ ರೂಢಿಯಂತೆ ಅವರ ಮೇಜಿನ ಮುಂದೆ ಮಂಡಿಯೂರಿದಳು.

"ಮೇಷ್ಟ್ರೇ, ಐದನೇದರಲ್ಲಿ ಮೈನಸ್ ಬಿಟ್ಟುಹೋಗಿದೆಯೇನೋ..."

"ಬೋರ್ಡಲ್ಲಿರೋದನ್ನ ಬಿಡಿಸು. ಎರಡು ವರ್ಷ ಒಲೆ ಊದಿದೋಳು ನಂಗೆ ಪಾಠ ಹೇಳ್ತೀಯಾ?"

ಹಿಂದಕ್ಕೆ ಬಂದು ಕುಳಿತಳು. ಮೂರು ಎಂದು ಬರೆದರೆ ಮೇಷ್ಟ್ರ ಪುಸ್ತಕದ ಉತ್ತರಕ್ಕೆ ಹೊಂದಬಹುದು. ಆದರೆ ಅದು ಸುಳ್ಳು. ಮಗುವಿನ ಅಳು ಕೇಳಿದಂತೆಲ್ಲ ಎದೆಹಾಲು ಸೋರಿ ರವಿಕೆ ಒದ್ದೆಯಾಗುತ್ತಿತ್ತು. ಅವಳು ಒಂದೊಂದಾಗಿ ಬರೆದಳು: −3, 9, −27, 81. ಘಾತ ಸೊನ್ನೆಯಾದರೆ ಒಂದು. ಘಾತವೇ ಮೈನಸ್ ಆದರೆ ಬರೀ ಭಿನ್ನರಾಶಿ. ಕೊನೆಗೆ, "ಯಾವ ಪೂರ್ಣಾಂಕವೂ ಆಗದು."

ಮತ್ತೆ ಮಂಡಿಯೂರಿ ಎರಡೂ ಕೈಯಲ್ಲಿ ಹಾಳೆ ಕೊಟ್ಟಳು. ಕೆಂಪು ಪೆನ್ನು ಮೂರು ಸರಿ ಹಾಕಿತು. ನಾಲ್ಕನೆಯದಕ್ಕೆ ಅಡ್ಡಗೆರೆ. ಐದನೆಯದರ ಮೇಲೆ ತಡೆಯಿತು. ಮೇಷ್ಟ್ರು ಪುಸ್ತಕ ತೆರೆದರು, ಬೋರ್ಡು ನೋಡಿದರು, ಪುನಃ ಪುಸ್ತಕ ನೋಡಿದರು. ಅವಳು ಸಿಮೆಂಟು ನೆಲವನ್ನೇ ನೋಡುತ್ತಿದ್ದಳು.

ಪೆನ್ನು ಕಾಗದದ ಮೇಲೆ ಸರಿದ ಸದ್ದು ಕೇಳಿತು. ಸರಿಯೋ ತಪ್ಪೋ ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ.

"ಸೋಮವಾರ ಏಳಕ್ಕೆ ಗಂಟೆ," ಎಂದರು ಮೇಷ್ಟ್ರು, ಮುಖ ಅತ್ತ ತಿರುಗಿಸಿ. "ತಡವಾದ್ರೆ ಒಳಗೆ ಬಿಡಲ್ಲ. ಏಳು ಈಗ."

ಅವಳು ಎದ್ದು, ಮಗು ಅಳುತ್ತಿದ್ದ ಮಾವಿನ ನೆರಳಿನತ್ತ ಓಡಿದಳು.